ಗೆರೆ ಎಳೆಯುವ ಮೊದಲು: ಫ್ಲೋ ಸೈಟೋಮೆಟ್ರಿ ಪ್ರಯೋಗಗಳ ಬಗ್ಗೆ ಕಾಸರಗೋಡಿನಲ್ಲಿ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಹಲವರು ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಶಾಲೆಗಳಲ್ಲಿ ಓದಿ ಬಂದವರು. ಈಗ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಮಂಗಳೂರಿನ ಲ್ಯಾಬುಗಳಲ್ಲೋ ಕೆಲಸ ಮಾಡುತ್ತಿದ್ದೀರಿ. ಫ್ಲೋ ಸೈಟೋಮೀಟರ್ ಮುಂದೆ ಇವತ್ತಲ್ಲ ನಾಳೆ ಕೂರಲೇಬೇಕು. ಅದರ ಬಟನ್‌ಗಳನ್ನು ಕಂಪನಿಯವರು ಬಂದು ಕಲಿಸಿಕೊಡುತ್ತಾರೆ. ನಾನು ಮಾತಾಡುವುದು ಬಟನ್ ಒತ್ತುವುದಕ್ಕೆ ಮೊದಲಿನ ಮತ್ತು ನಂತರದ ಕೆಲಸದ ಬಗ್ಗೆ.

ಹೇಳುವುದು ಒಂದೇ ವಿಷಯ. ಅದನ್ನೇ ಬೇರೆ ಬೇರೆ ಕಡೆಯಿಂದ ಹೇಳುತ್ತೇನೆ. ಈ ಯಂತ್ರ ಯಾವತ್ತೂ ಗೊತ್ತಿಲ್ಲ ಅನ್ನುವುದಿಲ್ಲ. ಯಾವ ಟ್ಯೂಬ್ ಇಟ್ಟರೂ ಚುಕ್ಕೆಗಳ ಚಿತ್ರ ಕೊಡುತ್ತದೆ, ಒಂದೊಂದು ಚುಕ್ಕೆಯೂ ಒಂದು ಜೀವಕೋಶ. ಆ ಚಿತ್ರದ ಮೇಲೆ ನಾವು ಮೌಸ್ ಹಿಡಿದು ಒಂದು ಗೆರೆ ಎಳೆಯುತ್ತೇವೆ. ಗೆರೆಯಿಂದ ಈಚೆಗೆ ನೆಗೆಟಿವ್, ಆಚೆಗೆ ಪಾಸಿಟಿವ್. ಪ್ರಬಂಧದ ತೀರ್ಮಾನವಾಗಲಿ ರೋಗಿಯ ರಿಪೋರ್ಟಾಗಲಿ ನಿಂತಿರುವುದು ಆ ಗೆರೆಯ ಮೇಲೆ. ಗೆರೆ ಅಲ್ಲೇ ಯಾಕೆ ಎಂದು ಯಾರಾದರೂ ಕೇಳಿದರೆ, ಉತ್ತರವಾಗಿ ಒಂದು ಟ್ಯೂಬ್ ತೋರಿಸಲು ನಮಗೆ ಬರಬೇಕು. ನೋಡಿದಾಗ ಹಾಗೆ ಅನ್ನಿಸಿತು ಎನ್ನುವುದು ಉತ್ತರವಾಗುವುದಿಲ್ಲ. ಆ ಟ್ಯೂಬ್ ಮಾಡಿಟ್ಟುಕೊಳ್ಳಬೇಕಾದದ್ದು ಯಂತ್ರದ ಹತ್ತಿರ ಹೋಗುವ ಮುಂಚೆ. ಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಯಂತ್ರ ಮಾಡುವುದೇನು ಎಂದು ಬೇಗ ಹೇಳಿಬಿಡುತ್ತೇನೆ. ದ್ರವದಲ್ಲಿ ತೇಲುವ ಜೀವಕೋಶಗಳನ್ನು ಸಾಲಾಗಿ, ಒಂದರ ಹಿಂದೆ ಒಂದರಂತೆ ಲೇಸರ್ ಬೆಳಕಿನ ಮುಂದೆ ಹಾಯಿಸುತ್ತದೆ. ಮುಂದಕ್ಕೆ ಚದುರಿದ ಬೆಳಕು ಕೋಶದ ಗಾತ್ರದ ಅಂದಾಜು ಕೊಡುತ್ತದೆ. ಪಕ್ಕಕ್ಕೆ ಚದುರಿದ್ದು ಒಳಗಿನ ಕಣಗಳ ದಟ್ಟಣೆಯ ಅಂದಾಜು ಕೊಡುತ್ತದೆ. ಆಂಟಿಬಾಡಿ ಎಂದರೆ ಕೋಶದ ಒಂದು ಗುರುತಿಗೆ ಹುಡುಕಿಕೊಂಡು ಅಂಟುವ ಪ್ರೋಟೀನ್, ಆ ಗುರುತನ್ನು ಮಾರ್ಕರ್ ಎನ್ನುತ್ತೇವೆ. ಕೋಶಕ್ಕೆ ಅಂಟಿಸಿದ ಆಂಟಿಬಾಡಿಯಲ್ಲಿ ಬಣ್ಣವಿದ್ದರೆ ಅದು ಹೊಳೆಯುತ್ತದೆ, ಡಿಟೆಕ್ಟರ್ ಆ ಹೊಳಪನ್ನು ಅಳೆಯುತ್ತದೆ. ಸೆಕೆಂಡಿಗೆ ಸಾವಿರಾರು ಕೋಶ. ನಮ್ಮ ಕಡೆ ಅಂಗಳದಲ್ಲಿ ಕೂತು ಸುಲಿದ ಅಡಿಕೆಯನ್ನು ಪಟೋರ, ಉಳ್ಳಿ, ಕರಿಗೋಟು ಎಂದು ಆರಿಸುತ್ತಾರಲ್ಲ, ಇದೂ ಹಾಗೆ ಒಂದೊಂದನ್ನೇ ನೋಡುವ ಕೆಲಸ. ಮೂಟೆಯನ್ನು ಒಟ್ಟಿಗೆ ತೂಗಿದರೆ ಒಳಗೆ ಎಷ್ಟು ಕರಿಗೋಟು ಇದೆ ಎಂದು ತಿಳಿಯುವುದಿಲ್ಲ.

1953ರಲ್ಲಿ ವಾಲೇಸ್ ಕೌಲ್ಟರ್‌ಗೆ ಕೋಶಗಳನ್ನು ಒಂದೊಂದಾಗಿ ಎಣಿಸುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. 1965ರಲ್ಲಿ ಲಾಸ್ ಅಲಮೋಸ್‌ನ ಮ್ಯಾಕ್ ಫುಲ್ವೈಲರ್ ಕೋಶಗಳನ್ನು ಬೇರ್ಪಡಿಸುವ ಯಂತ್ರ ತೋರಿಸಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ಲಿಯೊನಾರ್ಡ್ ಹರ್ಜನ್‌ಬರ್ಗ್ ತಂಡ ಅದಕ್ಕೆ ಹೊಳೆಯುವ ಬಣ್ಣಗಳನ್ನು ಜೋಡಿಸಿತು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಯ ಆಂಟಿಬಾಡಿ ತಯಾರಿಸುವ ದಾರಿ ತೋರಿಸಿದ ಮೇಲೆ ಈ ಯಂತ್ರಕ್ಕೆ ನಿಜವಾದ ಬಲ ಬಂತು. ಚರಿತ್ರೆ ಇಷ್ಟು ಸಾಕು.

ಪ್ರಯೋಗ ಶುರುವಾಗುವುದು ಕಾಗದದ ಮೇಲೆ. ಒಂದು ಹಾಳೆ ತೆಗೆದುಕೊಂಡು ಮೇಲೆ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ರೋಗನಿರೋಧಕ ಕೋಶಗಳನ್ನು ನೋಡುವುದು’ ಎಂದು ಬರೆದರೆ ಅದು ಪ್ರಶ್ನೆಯಲ್ಲ. ‘ಜ್ವರ ಬಂದ ಐದನೇ ದಿನ ಸಿಡಿ8 ಕೋಶಗಳಲ್ಲಿ ಎಷ್ಟು ಪಾಲು ಚುರುಕಾಗಿವೆ, ಜ್ವರವಿಲ್ಲದವರಿಗಿಂತ ಅದು ಜಾಸ್ತಿಯೇ?’ ಎಂಬುದು ಪ್ರಶ್ನೆ. ಸಿಡಿ8, ಸಿಡಿ4, ಸಿಡಿ25 ಇವೆಲ್ಲ ಮಾರ್ಕರ್‌ಗಳ ಹೆಸರು; ಸಿಡಿ4, ಸಿಡಿ8 ಕೋಶಗಳು ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳ ಎರಡು ಬಗೆ. ಹೀಗೆ ಬರೆದ ಕೂಡಲೇ ಯಾವ ಮಾರ್ಕರ್ ಬೇಕು, ಹೋಲಿಕೆಗೆ ಯಾರ ರಕ್ತ ಬೇಕು, ಎಷ್ಟು ಜನರದು ಬೇಕು ಎನ್ನುವುದು ತಾನಾಗಿ ಕಾಣುತ್ತದೆ. ಬೇಡವಾದ ಮಾರ್ಕರ್‌ಗಳೂ ಕಾಣುತ್ತವೆ. ಯಂತ್ರದಲ್ಲಿ ಹನ್ನೆರಡು ಬಣ್ಣಕ್ಕೆ ಜಾಗವಿದೆ ಎಂದು ಹನ್ನೆರಡನ್ನೂ ಹಾಕಬೇಕಿಲ್ಲ. ಐದು ಬಣ್ಣದಲ್ಲಿ ಉತ್ತರ ಸಿಗುವುದಾದರೆ ಐದೇ ಸಾಕು. ಪ್ರತಿ ಹೊಸ ಬಣ್ಣವೂ ಉಳಿದ ಬಣ್ಣಗಳ ಅಳತೆಯನ್ನು ಸ್ವಲ್ಪ ಕೆಡಿಸುತ್ತದೆ.

ಹೇಗೆ ಕೆಡಿಸುತ್ತದೆ ಎಂಬುದನ್ನು ನಿಧಾನವಾಗಿ ನೋಡೋಣ. ಇಡೀ ವಿಷಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಫಿಟ್ಸಿ ಎಂಬ ಹಸಿರು ಬಣ್ಣವಿದೆ. 488 ನ್ಯಾನೊಮೀಟರ್‌ನ ನೀಲಿ ಲೇಸರ್ ಬಿದ್ದರೆ ಅದು 520ರ ಆಸುಪಾಸಿನಲ್ಲಿ ಹೊಳೆಯುತ್ತದೆ. ಆದರೆ ಅದರ ಬೆಳಕು ಅಲ್ಲಿಗೇ ನಿಲ್ಲುವುದಿಲ್ಲ, ಬಾಲದಂತೆ ಉದ್ದಕ್ಕೆ ಚಾಚುತ್ತದೆ. ಪಿಇ ಎಂಬ ಇನ್ನೊಂದು ಬಣ್ಣ 578ರ ಹತ್ತಿರ ಹೊಳೆಯುತ್ತದೆ. ಪಿಇ ಅಳೆಯಲು ಇಟ್ಟ ಡಿಟೆಕ್ಟರ್‌ಗೆ ಫಿಟ್ಸಿಯ ಬಾಲವೂ ಬೀಳುತ್ತದೆ. ಅಂದರೆ ಪಿಇ ಇಲ್ಲದ ಕೋಶವೂ ಪಿಇ ಇದ್ದಂತೆ ಕಾಣುತ್ತದೆ. ಈ ಸೋರಿಕೆಯನ್ನು ಲೆಕ್ಕ ಹಾಕಿ ಕಳೆಯುವುದೇ ಕಾಂಪೆನ್ಸೇಷನ್. ಕಳೆಯಬೇಕಾದರೆ ಎಷ್ಟು ಸೋರುತ್ತದೆ ಎಂದು ಗೊತ್ತಿರಬೇಕು. ಅದಕ್ಕಾಗಿ ಪ್ರತಿ ಬಣ್ಣಕ್ಕೂ ಒಂದು ಟ್ಯೂಬ್, ಅದರಲ್ಲಿ ಆ ಒಂದೇ ಬಣ್ಣ. ಈ ಟ್ಯೂಬ್‌ಗಳಿಗೆ ಮೂರು ಶರತ್ತು. ಅದರಲ್ಲಿನ ಹೊಳಪು ನಿಮ್ಮ ಸ್ಯಾಂಪಲ್‌ನಷ್ಟಾದರೂ ಇರಬೇಕು. ಬಣ್ಣ ಅದೇ ಆಗಿರಬೇಕು, ಹಸಿರು ತಾನೇ ಎಂದು ಇನ್ನೊಂದು ಹಸಿರು ಹಾಕುವಂತಿಲ್ಲ. ಅದರ ಪಾಸಿಟಿವ್ ಮತ್ತು ನೆಗೆಟಿವ್ ಒಂದೇ ಬಗೆಯ ವಸ್ತುವಾಗಿರಬೇಕು. ಪಾಸಿಟಿವ್‌ಗೆ ಪ್ಲಾಸ್ಟಿಕ್ ಮಣಿ, ನೆಗೆಟಿವ್‌ಗೆ ರಕ್ತದ ಕೋಶ ಎಂದು ಬೆರೆಸಿದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಎರಡರ ಸ್ವಂತ ಹೊಳಪು ಬೇರೆ ಬೇರೆ. ಕಾಂಪೆನ್ಸೇಷನ್ ಟ್ಯೂಬ್‌ಗಳನ್ನು ಓಡಿಸಿದ ಮೇಲೆ ಡಿಟೆಕ್ಟರ್‌ನ ವೋಲ್ಟೇಜ್ ಮುಟ್ಟಬಾರದು. ಮುಟ್ಟಿದರೆ ಮತ್ತೆ ಮೊದಲಿನಿಂದ.

ಸರಿಯಾಗಿ ಕಳೆದರೆ ಫಿಟ್ಸಿ ಪಾಸಿಟಿವ್ ಗುಂಪಿನ ಪಿಇ ಮಧ್ಯಾಂಕ, ಫಿಟ್ಸಿ ನೆಗೆಟಿವ್ ಗುಂಪಿನ ಮಧ್ಯಾಂಕಕ್ಕೆ ಸಮವಾಗುತ್ತದೆ. ಹೆಚ್ಚಿನವರು ಇಲ್ಲಿ ಸಮಾಧಾನಪಟ್ಟು ಮುಂದೆ ಹೋಗುತ್ತಾರೆ. ಆದರೆ ಚಿತ್ರವನ್ನು ಸರಿಯಾಗಿ ನೋಡಿ. ಮಧ್ಯಾಂಕ ಸಮವಾಗಿದೆ, ಹರಡುವಿಕೆ ಸಮವಾಗಿಲ್ಲ. ಫಿಟ್ಸಿ ಹೊಳಪು ಜಾಸ್ತಿಯಾದಂತೆ ಪಿಇ ದಿಕ್ಕಿನಲ್ಲಿ ಚುಕ್ಕೆಗಳು ಮೇಲಕ್ಕೂ ಕೆಳಕ್ಕೂ ಅಗಲವಾಗಿ ಚದುರಿರುತ್ತವೆ. ಸೋರಿದ ಬೆಳಕಿನ ಸರಾಸರಿಯನ್ನು ಕಳೆಯಬಹುದು, ಅದರ ಏರಿಳಿತವನ್ನು ಕಳೆಯಲಾಗುವುದಿಲ್ಲ. ಎಷ್ಟೇ ಒಳ್ಳೆಯ ಸಾಫ್ಟ್‌ವೇರ್ ಇದ್ದರೂ ಅದು ಉಳಿಯುತ್ತದೆ.

ಈಗ ಒಂದು ಉದಾಹರಣೆ. ನಿಮಗೆ ಸಿಡಿ4 ಕೋಶಗಳ ಮೇಲೆ ಸಿಡಿ25 ಎಷ್ಟಿದೆ ಎಂದು ನೋಡಬೇಕು. ಸಿಡಿ4 ಚೆನ್ನಾಗಿ ಹೊಳೆಯುವ ಮಾರ್ಕರ್. ಸಿಡಿ25 ಹೆಚ್ಚಿನ ಕೋಶಗಳಲ್ಲಿ ಮಂಕು. ಫ್ರಿಜ್‌ನಲ್ಲಿ ಇದ್ದದ್ದು ಫಿಟ್ಸಿ ಹಾಕಿದ ಸಿಡಿ4, ಪಿಇ ಹಾಕಿದ ಸಿಡಿ25. ಸರಿ, ಎರಡನ್ನೂ ಹಾಕಿದಿರಿ. ಈಗ ನೀವು ನೋಡಬೇಕಾದ ಪ್ರತಿಯೊಂದು ಕೋಶದಲ್ಲೂ ಫಿಟ್ಸಿ ಇದೆ, ಪ್ರತಿಯೊಂದರಿಂದಲೂ ಪಿಇ ಕಡೆಗೆ ಸೋರಿಕೆ ಇದೆ. ಮಂಕಾದ ಸಿಡಿ25 ಇರುವ ಜಾಗದಲ್ಲೇ ಈ ಹರಡುವಿಕೆ ಬಂದು ಕೂರುತ್ತದೆ. ನಿಜವಾದ ಸಿಡಿ25 ಯಾವುದು, ಸೋರಿಕೆ ಯಾವುದು ಎಂದು ಬೇರೆ ಮಾಡಲಾಗುವುದಿಲ್ಲ. ಅದೇ ಸಿಡಿ4ಅನ್ನು ನೇರಳೆ ಲೇಸರ್‌ಗೆ ಹೊಳೆಯುವ ಪೆಸಿಫಿಕ್ ಬ್ಲೂಗೆ ಬದಲಿಸಿ. ಪಿಇ ಜಾಗ ಶುಭ್ರವಾಗುತ್ತದೆ. ಒಂದು ಪ್ರಯೋಗಕ್ಕೆ ಆರಿಸಿದ ಮಾರ್ಕರ್ ಮತ್ತು ಬಣ್ಣಗಳ ಪಟ್ಟಿಯನ್ನು ಪ್ಯಾನೆಲ್ ಎನ್ನುತ್ತಾರೆ. ಪ್ಯಾನೆಲ್ ವಿನ್ಯಾಸದ ನಿಯಮವೆಲ್ಲ ಇದರಲ್ಲೇ ಇದೆ: ಮಂಕು ಮಾರ್ಕರ್‌ಗೆ ಪ್ರಖರ ಬಣ್ಣ, ದಟ್ಟ ಮಾರ್ಕರ್‌ಗೆ ಮಂಕು ಬಣ್ಣ. ಒಂದೇ ಕೋಶದ ಮೇಲೆ ಒಟ್ಟಿಗೆ ಇರುವ ಎರಡು ಮಾರ್ಕರ್‌ಗಳಿಗೆ ಒಂದರಿಂದ ಇನ್ನೊಂದಕ್ಕೆ ಸೋರುವ ಬಣ್ಣಗಳನ್ನು ಕೊಡಬೇಡಿ.

ಅಂದ ಹಾಗೆ, ಪಿಇ ಬಣ್ಣ ಮೊದಲು ಬಂದದ್ದು ಕೆಂಪು ಕಡಲಪಾಚಿಯಿಂದ. ಪಾಚಿ ಬೆಳಕು ಹಿಡಿಯಲು ಬಳಸುವ ಪ್ರೋಟೀನ್ ಅದು. ಪ್ರೋಟೀನ್ ಆದ್ದರಿಂದಲೇ ಅದನ್ನು ಫ್ರೀಜರ್‌ನಲ್ಲಿ ಇಡಬಾರದು, ಹೆಪ್ಪುಗಟ್ಟಿದರೆ ಹಾಳು. ಫ್ರಿಜ್‌ನ ಕೆಳಗಿನ ಭಾಗದಲ್ಲಿ, ಕತ್ತಲಲ್ಲಿ ಇಡಿ. ಪಿಇಗೆ ಇನ್ನೊಂದು ಬಣ್ಣ ಜೋಡಿಸಿ ಮಾಡಿದ ಪಿಇ-ಸೈ7ನಂಥ ಜೋಡಿ ಬಣ್ಣಗಳು ಇನ್ನೂ ನಾಜೂಕು. ಬೆಳಕು, ಸೆಕೆ, ಫಾರ್ಮಾಲ್ಡಿಹೈಡ್ ಯಾವುದು ತಾಗಿದರೂ ಜೋಡಿ ಮುರಿಯುತ್ತದೆ. ಮುರಿದಾಗ ಅದು ಪಿಇಯಂತೆ ಹೊಳೆಯತೊಡಗುತ್ತದೆ, ನೀವು ಇಲ್ಲದ ಪಿಇ ಕೋಶಗಳನ್ನು ಎಣಿಸುತ್ತೀರಿ. ಅದಕ್ಕೇ ಜೋಡಿ ಬಣ್ಣದ ಕಾಂಪೆನ್ಸೇಷನ್ ಟ್ಯೂಬ್‌ಗೆ ಅದೇ ಬಾಟಲಿಯ ಆಂಟಿಬಾಡಿ ಬೇಕು, ಸ್ಯಾಂಪಲ್‌ನಷ್ಟೇ ಹೊತ್ತು ಅದೇ ದ್ರವದಲ್ಲಿ ಇಟ್ಟಿರಬೇಕು. ಹೋದ ತಿಂಗಳ ಕಾಂಪೆನ್ಸೇಷನ್ ಈ ತಿಂಗಳಿಗೆ ನಡೆಯುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಎಲ್ಲರಿಗೂ ಗೊತ್ತು. ಬಂದ ಮೇಲೆ ಲೇಸರ್ ಬಿಸಿಯಾಗಿ ಸ್ಥಿರಗೊಳ್ಳಲು ಅರ್ಧ ಗಂಟೆ ಬಿಟ್ಟು, ಗುಣಮಟ್ಟ ನೋಡುವ ಮಣಿಗಳನ್ನು ಮತ್ತೊಮ್ಮೆ ಓಡಿಸಿ, ಆಮೇಲೆ ಕೆಲಸ ಮುಂದುವರಿಸಿ.

ಆಂಟಿಬಾಡಿ ಎಷ್ಟು ಹಾಕಬೇಕು? ಬಾಟಲಿಯ ಮೇಲೆ ಬರೆದದ್ದು ಕಂಪನಿಯ ಸಲಹೆ. ನಿಮ್ಮ ಕೋಶಕ್ಕೆ, ನಿಮ್ಮ ಯಂತ್ರಕ್ಕೆ ಅದೇ ಸರಿ ಎಂದೇನಿಲ್ಲ. ಕೋಶಗಳ ಸಂಖ್ಯೆ, ದ್ರವದ ಪ್ರಮಾಣ, ಸಮಯ ಮೂರನ್ನೂ ಒಂದೇ ಇಟ್ಟು ಆಂಟಿಬಾಡಿಯನ್ನು ಮಾತ್ರ ಅರ್ಧರ್ಧ ಮಾಡುತ್ತ ಏಳೆಂಟು ಟ್ಯೂಬ್ ಹಾಕಿ ನೋಡಿ. ಜಾಸ್ತಿ ಹಾಕಿದಾಗ ನೆಗೆಟಿವ್ ಕೋಶಗಳಿಗೂ ಅಂಟಿ ಗುಂಪು ಮೇಲೇರುತ್ತದೆ. ಕಡಿಮೆಯಾದಾಗ ಪಾಸಿಟಿವ್ ಕೆಳಗಿಳಿಯುತ್ತದೆ. ಎರಡರ ಅಂತರ ಚೆನ್ನಾಗಿ ಇರುವ ಟ್ಯೂಬ್ ನಿಮ್ಮದು. ಎಷ್ಟೋ ಸಲ ಅದು ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರುತ್ತದೆ, ದುಡ್ಡೂ ಉಳಿಯುತ್ತದೆ. ಆಂಟಿಬಾಡಿಯ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ.

ಸತ್ತ ಕೋಶಗಳ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಸತ್ತ ಕೋಶಕ್ಕೆ ಸಿಕ್ಕ ಸಿಕ್ಕ ಆಂಟಿಬಾಡಿ ಅಂಟುತ್ತದೆ. ಅದು ಎಲ್ಲ ಮಾರ್ಕರ್‌ಗೂ ಪಾಸಿಟಿವ್ ಆಗಿ ಕಾಣುತ್ತದೆ. ಅಪರೂಪದ ಕೋಶವೊಂದನ್ನು ಹುಡುಕುವಾಗ ಸಿಕ್ಕಿತು ಎಂದು ಖುಷಿಪಟ್ಟದ್ದು ಸತ್ತ ಕೋಶಗಳ ಗುಂಪೇ ಆಗಿರಬಹುದು. ಸತ್ತದ್ದನ್ನು ಗುರುತಿಸುವ ಬಣ್ಣವೊಂದು ಪ್ರತಿ ಪ್ಯಾನೆಲ್‌ನಲ್ಲೂ ಇರಲೇಬೇಕು. ಕೋಶಗಳನ್ನು ಫಿಕ್ಸ್ ಮಾಡುವುದಿಲ್ಲವಾದರೆ, ಅಂದರೆ ಫಾರ್ಮಾಲ್ಡಿಹೈಡ್‌ನಂಥದ್ದು ಹಾಕಿ ಇದ್ದ ಹಾಗೇ ಗಟ್ಟಿಗೊಳಿಸುವುದಿಲ್ಲವಾದರೆ, 7-ಎಎಡಿ ಅಥವಾ ಪ್ರೊಪಿಡಿಯಂ ಅಯೊಡೈಡ್ ಸಾಕು. ಫಿಕ್ಸ್ ಮಾಡುವುದಾದರೆ ಪ್ರೋಟೀನ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುವ ಬಣ್ಣ ಬೇಕು. ಅದನ್ನು ಹಾಕುವಾಗ ದ್ರವದಲ್ಲಿ ಸೀರಂ, ಆಲ್ಬುಮಿನ್ ಏನೂ ಇರಬಾರದು. ಇದ್ದರೆ ಬಣ್ಣವೆಲ್ಲ ಅದಕ್ಕೇ ಅಂಟಿ ಮುಗಿದುಹೋಗುತ್ತದೆ.

ಇನ್ನು ಗೆರೆಯ ಮಾತಿಗೆ ಬರೋಣ. ಬಣ್ಣ ಹಾಕದ ಟ್ಯೂಬ್ ಕೋಶದ ಸ್ವಂತ ಹೊಳಪನ್ನು ತೋರಿಸುತ್ತದೆ, ಅಷ್ಟೆ. ಐದು ಬಣ್ಣದ ಪ್ಯಾನೆಲ್‌ನಲ್ಲಿ ಪಿಇಯ ಗೆರೆ ಎಲ್ಲಿ ಎಂದು ಅದು ಹೇಳಲಾರದು, ಯಾಕೆಂದರೆ ಉಳಿದ ನಾಲ್ಕು ಬಣ್ಣಗಳ ಹರಡುವಿಕೆ ಅದರಲ್ಲಿಲ್ಲ. ಅದಕ್ಕೆ ಬೇಕಾದದ್ದು ಎಫ್‌ಎಂಒ ಟ್ಯೂಬ್. ಎಲ್ಲ ಬಣ್ಣ ಹಾಕಿ, ಪಿಇ ಒಂದನ್ನು ಮಾತ್ರ ಬಿಟ್ಟದ್ದು. ಆ ಟ್ಯೂಬ್‌ನಲ್ಲಿ ಪಿಇ ದಿಕ್ಕಿನಲ್ಲಿ ಚುಕ್ಕೆಗಳು ಎಲ್ಲಿಯವರೆಗೆ ಹೋಗುತ್ತವೋ ಅದರಾಚೆ ನಿಮ್ಮ ಗೆರೆ. ಐಸೊಟೈಪ್ ಕಂಟ್ರೋಲ್ (ಕೋಶದ ಯಾವ ಮಾರ್ಕರನ್ನೂ ಗುರಿಯಾಗಿಸದ, ಅದೇ ಬಗೆಯ ಆಂಟಿಬಾಡಿ) ಇಟ್ಟು ಗೆರೆ ಎಳೆಯುವ ಹಳೆಯ ಅಭ್ಯಾಸ ಇನ್ನೂ ಹಲವು ಕಡೆ ಇದೆ. ಬೇರೆ ಆಂಟಿಬಾಡಿ, ಬೇರೆ ಪ್ರಮಾಣ, ಒಂದು ಆಂಟಿಬಾಡಿಗೆ ಅಂಟಿದ ಬಣ್ಣದ ಅಣುಗಳ ಸಂಖ್ಯೆಯೂ ಬೇರೆ. ಅದರಿಂದ ಗೆರೆಯ ಜಾಗ ನಿರ್ಧಾರ ಮಾಡುವುದು ನನ್ನ ಪ್ರಕಾರ ಸರಿಯಲ್ಲ. ಸುಮ್ಮನೆ ಅಂಟುವುದು ಹೆಚ್ಚಿದೆಯೇ ಎಂದು ಒಮ್ಮೆ ನೋಡಲು ಬಳಸಿ, ಅಷ್ಟಕ್ಕೆ ಬಿಡಿ. ಮೊನೊಸೈಟ್, ಬಿ ಕೋಶಗಳಂಥವು ಆಂಟಿಬಾಡಿಯ ಬಾಲ ಹಿಡಿದು ಅಂಟಿಸಿಕೊಳ್ಳುತ್ತವೆ. ಅದನ್ನು ತಡೆಯಲು ಮೊದಲೇ ಎಫ್‌ಸಿ ಬ್ಲಾಕ್ ಹಾಕಬೇಕು.

ಗೆರೆಗಳ ಸಾಲು ಹೀಗಿರಲಿ. ಮೊದಲು ಸಮಯದ ಚಿತ್ರ ನೋಡಿ. ಗಾಳಿಗುಳ್ಳೆ ಬಂದಿದ್ದರೆ, ಕೊಳವೆ ಕಟ್ಟಿದ್ದರೆ ಅಲ್ಲಿ ಗೊತ್ತಾಗುತ್ತದೆ, ಆ ತುಂಡನ್ನು ತೆಗೆಯಿರಿ. ಆಮೇಲೆ ಜೋಡಿಯಾಗಿ ಅಂಟಿಕೊಂಡು ಬಂದ ಕೋಶಗಳನ್ನು ತೆಗೆಯಿರಿ. ಸಿಗ್ನಲ್‌ನ ವಿಸ್ತೀರ್ಣ ಮತ್ತು ಎತ್ತರವನ್ನು ಎದುರುಬದುರು ಇಟ್ಟರೆ ಒಂಟಿ ಕೋಶಗಳು ಓರೆಗೆರೆಯಲ್ಲಿ ನಿಲ್ಲುತ್ತವೆ, ಜೋಡಿಗಳು ಪಕ್ಕಕ್ಕೆ ಸರಿಯುತ್ತವೆ. ಒಂದು ಟಿ ಕೋಶ ಮತ್ತು ಒಂದು ಬಿ ಕೋಶ ಅಂಟಿಕೊಂಡು ಬಂದರೆ ಯಂತ್ರ ಅದನ್ನು ಸಿಡಿ3, ಸಿಡಿ19 ಎರಡೂ ಇರುವ ಹೊಸ ಕೋಶ ಎಂದು ತೋರಿಸುತ್ತದೆ. ಆಮೇಲೆ ಸತ್ತ ಕೋಶಗಳನ್ನು ತೆಗೆಯಿರಿ. ನಿಮ್ಮ ಪ್ರಶ್ನೆಯ ಕೋಶಗಳಿಗೆ ಬರುವುದು ಇದೆಲ್ಲ ಆದ ಮೇಲೆ. ಗೆರೆಗಳನ್ನು ಕಂಟ್ರೋಲ್ ಟ್ಯೂಬ್‌ಗಳ ಮೇಲೆ ಎಳೆದು, ಬದಲಿಸದೆ ಎಲ್ಲ ಸ್ಯಾಂಪಲ್‌ಗಳಿಗೂ ಹಾಕಿ. ಯಾವುದು ರೋಗಿಯದು, ಯಾವುದು ಆರೋಗ್ಯವಂತರದು ಎಂದು ಗೆರೆ ಎಳೆಯುವವರಿಗೆ ಗೊತ್ತಿಲ್ಲದಂತೆ ಹೆಸರು ಬದಲಿಸಿ ಇಟ್ಟರೆ ಇನ್ನೂ ಒಳ್ಳೆಯದು. ಗೊತ್ತಿದ್ದರೆ ನಮ್ಮ ಕೈ ನಮಗೆ ಬೇಕಾದ ಕಡೆಗೆ ಎಳೆಯುತ್ತದೆ. ಅದು ಮನುಷ್ಯ ಸ್ವಭಾವ.

ಎಷ್ಟು ಕೋಶ ಓಡಿಸಬೇಕು ಎಂದು ಕೇಳುತ್ತಾರೆ. ಉತ್ತರ ನಿಮ್ಮ ಕೋಶ ಎಷ್ಟು ಅಪರೂಪ ಎನ್ನುವುದರ ಮೇಲಿದೆ. ಎಣಿಕೆಯ ಏರಿಳಿತ ಆ ಎಣಿಕೆಯ ವರ್ಗಮೂಲದಷ್ಟಿರುತ್ತದೆ. 100 ಕೋಶ ಎಣಿಸಿದರೆ ಏರಿಳಿತ 10, ಅಂದರೆ ಶೇ 10. 400 ಎಣಿಸಿದರೆ ಶೇ 5. ನಿಮ್ಮ ಕೋಶ ಹತ್ತು ಸಾವಿರಕ್ಕೆ ಒಂದು ಇದ್ದರೆ, 100 ಸಿಗಲು ಹತ್ತು ಲಕ್ಷ ಓಡಿಸಬೇಕು. ಅಷ್ಟಾದರೂ ಸಾಲದು. ಎಫ್‌ಎಂಒ ಟ್ಯೂಬ್‌ನಲ್ಲೇ ಶೇ 0.02 ಚುಕ್ಕೆಗಳು ಗೆರೆ ದಾಟಿದ್ದರೆ, ಸ್ಯಾಂಪಲ್‌ನಲ್ಲಿ ಸಿಕ್ಕ ಶೇ 0.03ಕ್ಕೆ ಏನು ಅರ್ಥ ಹೇಳುತ್ತೀರಿ? ಹಿನ್ನೆಲೆ ಎಷ್ಟು ಎಂದು ಪಕ್ಕದಲ್ಲೇ ಬರೆಯಬೇಕು.

ಇದರ ಜೊತೆಗೆ ಇನ್ನೊಂದು ಮಾತನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಒಬ್ಬರ ರಕ್ತದಿಂದ ಹತ್ತು ಲಕ್ಷ ಕೋಶ ಓಡಿಸಿದರೂ ನಿಮ್ಮ ಲೆಕ್ಕದಲ್ಲಿ ಇರುವುದು ಒಬ್ಬರೇ. ಸಂಖ್ಯಾಶಾಸ್ತ್ರದ ಪರೀಕ್ಷೆಗೆ ಕೋಶಗಳ ಸಂಖ್ಯೆಯನ್ನು ಕೊಟ್ಟರೆ ಯಾವ ಸಣ್ಣ ವ್ಯತ್ಯಾಸವೂ ಭಾರಿ ಮಹತ್ವದ್ದಾಗಿ ಕಾಣುತ್ತದೆ. ಕೊಡಬೇಕಾದದ್ದು ಜನರ ಸಂಖ್ಯೆ. ರೋಗಿಗಳ ರಕ್ತವನ್ನೆಲ್ಲ ಸೋಮವಾರ, ಆರೋಗ್ಯವಂತರದನ್ನೆಲ್ಲ ಶುಕ್ರವಾರ ಓಡಿಸಿದರೆ ನೀವು ಅಳೆದದ್ದು ಸೋಮವಾರಕ್ಕೂ ಶುಕ್ರವಾರಕ್ಕೂ ಇರುವ ವ್ಯತ್ಯಾಸವೂ ಆಗಿರಬಹುದು. ಪ್ರತಿ ದಿನವೂ ಎರಡೂ ಬಗೆಯವು ಬೆರೆತಿರಲಿ. ಒಬ್ಬರೇ ದಾನಿಯ ಕೋಶಗಳನ್ನು ಸಣ್ಣ ಸಣ್ಣ ಪಾಲು ಮಾಡಿ ದ್ರವ ಸಾರಜನಕದಲ್ಲಿಟ್ಟು, ಪ್ರತಿ ಸಲವೂ ಒಂದನ್ನು ಜೊತೆಗೆ ಓಡಿಸಿ. ಅದರ ಸಂಖ್ಯೆ ಜಾಗ ಬದಲಿಸಿದರೆ ಬದಲಾದದ್ದು ಯಂತ್ರ ಅಥವಾ ಕೈ ಎಂದು ತಿಳಿಯುತ್ತದೆ.

ಶೇಕಡಾ ಲೆಕ್ಕ ಕೈಕೊಡುವ ಬಗೆಯೂ ಒಂದಿದೆ. 1000 ಟಿ ಕೋಶಗಳಲ್ಲಿ 600 ಸಿಡಿ4, 300 ಸಿಡಿ8, ಉಳಿದ 100 ಬೇರೆ ಎಂದುಕೊಳ್ಳಿ. ಸಿಡಿ4 ಶೇ 60. ವೈರಸ್ ಜ್ವರ ಬಂದು ಸಿಡಿ8 ಮಾತ್ರ 1200ಕ್ಕೆ ಏರಿತು. ಈಗ ಒಟ್ಟು 1900, ಸಿಡಿ4 ಶೇ 32ಕ್ಕೆ ಇಳಿಯಿತು. ಒಂದೇ ಒಂದು ಸಿಡಿ4 ಕೋಶ ಸತ್ತಿಲ್ಲ! ರಿಪೋರ್ಟು ಓದುವವರು ಅರ್ಧಕ್ಕರ್ಧ ಹೋಯಿತು ಅಂದುಕೊಳ್ಳುತ್ತಾರೆ. ಆದ್ದರಿಂದ ರಕ್ತದ ಒಂದು ಮೈಕ್ರೊಲೀಟರ್‌ಗೆ ಎಷ್ಟು ಎಂಬ ಎಣಿಕೆಯೂ ಬೇಕು.

ಎಚ್‌ಐವಿ ಚಿಕಿತ್ಸೆಯಲ್ಲಿ ಸಿಡಿ4 ಎಣಿಕೆಯ ಮಹತ್ವ ನಿಮಗೆ ಗೊತ್ತು. ನಮ್ಮ ದೇಶದಲ್ಲಿ 2004ರಲ್ಲಿ ಉಚಿತ ಚಿಕಿತ್ಸೆ ಶುರುವಾದಾಗ ಔಷಧಿ ಕೊಡುವ ತೀರ್ಮಾನಕ್ಕೆ ಈ ಸಂಖ್ಯೆ ದೊಡ್ಡ ಆಧಾರವಾಗಿತ್ತು. 2017ರಿಂದ ಸಂಖ್ಯೆ ಎಷ್ಟೇ ಇರಲಿ ಎಲ್ಲರಿಗೂ ಚಿಕಿತ್ಸೆ ಎಂದಾಯಿತು. ಆದರೂ 200ಕ್ಕಿಂತ ಕೆಳಗೆ ಇದ್ದರೆ ರೋಗ ಮುಂದುವರಿದಿದೆ ಎಂದು ಎಚ್ಚರಿಕೆ ವಹಿಸುತ್ತಾರೆ. ಆ ಎಣಿಕೆ ಹೇಗೆ ನಡೆಯುತ್ತದೆ ನೋಡಿ. 50 ಮೈಕ್ರೊಲೀಟರ್ ರಕ್ತ, ಅದರಲ್ಲಿ ಗೊತ್ತಿರುವ ಸಂಖ್ಯೆಯ ಹೊಳೆಯುವ ಮಣಿಗಳು, 50,000 ಅನ್ನೋಣ. ಯಂತ್ರ 10,000 ಮಣಿ ಎಣಿಸುವ ಹೊತ್ತಿಗೆ 2,200 ಸಿಡಿ4 ಕೋಶ ಎಣಿಸಿತು. 2,200ನ್ನು 10,000ದಿಂದ ಭಾಗಿಸಿ, 50,000ದಿಂದ ಗುಣಿಸಿ, 50ರಿಂದ ಭಾಗಿಸಿ. 220 ಬಂತು. ಈಗ ಪಿಪೆಟ್‌ನಲ್ಲಿ 50ರ ಬದಲು 45 ಬಿದ್ದಿದೆ ಅಂದುಕೊಳ್ಳಿ. ಅದೇ ವ್ಯಕ್ತಿಗೆ 198 ಎಂದು ರಿಪೋರ್ಟು ಹೋಗುತ್ತದೆ. ಐದು ಮೈಕ್ರೊಲೀಟರ್ ಅಂದರೆ ಪಿಪೆಟ್ ತುದಿಯ ಹೊರಗೆ ಅಂಟಿದ ಒಂದು ಸಣ್ಣ ಹನಿ. ತುದಿಯನ್ನು ಒರೆಸಿ, ರಕ್ತವನ್ನು ಟ್ಯೂಬ್‌ನ ತಳಕ್ಕೇ ಬಿಡಿ. ಗೋಡೆಗೆ ತಾಗಿದ ರಕ್ತಕ್ಕೆ ಆಂಟಿಬಾಡಿ ತಲುಪುವುದಿಲ್ಲ. ಆಮೇಲೆ ಅದು ತೊಳೆದು ಕೆಳಗಿಳಿದರೆ ಬಣ್ಣ ಹತ್ತದ ಕೋಶಗಳ ಗುಂಪಾಗಿ ಚಿತ್ರದಲ್ಲಿ ಕೂರುತ್ತದೆ. ಈ ಕೆಲಸ ಮಾಡುವ ಟೆಕ್ನಿಷಿಯನ್‌ಗಳ ಬಗ್ಗೆ ನನಗೆ ಅಪಾರ ಗೌರವ. ಒಬ್ಬ ಮನುಷ್ಯನ ಮುಂದಿನ ತಿಂಗಳುಗಳು ಅವರ ಬೆರಳ ತುದಿಯಲ್ಲಿರುತ್ತವೆ.

ಹಲವು ಮಾರ್ಕರ್‌ಗಳ ಅಳತೆಯನ್ನು ಒಂದೇ ಚಪ್ಪಟೆ ಚಿತ್ರಕ್ಕೆ ಇಳಿಸುವ ಟಿ-ಎಸ್‌ಎನ್‌ಇ, ಯುಮ್ಯಾಪ್ ಎಂಬ ಚಿತ್ರಗಳು ಈಗ ಎಲ್ಲ ಪ್ರಬಂಧಗಳಲ್ಲೂ ಬರುತ್ತವೆ. ಬಣ್ಣಬಣ್ಣದ ದ್ವೀಪಗಳು. ನೋಡಲು ಚೆಂದ. ಹತ್ತಾರು ಮಾರ್ಕರ್‌ಗಳನ್ನು ಒಟ್ಟಿಗೆ ನೋಡುವಾಗ ಉಪಯೋಗವೂ ಹೌದು. ಆದರೆ ಎರಡು ದ್ವೀಪಗಳ ನಡುವಿನ ದೂರಕ್ಕೆ, ದ್ವೀಪದ ಅಗಲಕ್ಕೆ ನೇರ ಅರ್ಥ ಕಟ್ಟಬೇಡಿ. ಕಾಂಪೆನ್ಸೇಷನ್ ತಪ್ಪಿದ್ದರೆ, ಸತ್ತ ಕೋಶ ತೆಗೆಯದಿದ್ದರೆ ಅದೂ ಒಂದು ದ್ವೀಪವಾಗಿ ಬರುತ್ತದೆ. ಹೊಸ ಗುಂಪು ಕಂಡರೆ ಹಳೆಯ ಎರಡು ಮಾರ್ಕರ್‌ನ ಚಿತ್ರಕ್ಕೆ ಹಿಂದಿರುಗಿ ಅಲ್ಲೂ ಕಾಣುತ್ತದೆಯೇ ನೋಡಿ. ದುಬಾರಿ ಸಾಫ್ಟ್‌ವೇರ್ ಇಲ್ಲ ಎಂದು ಕೈಚೆಲ್ಲಬೇಡಿ. ಆರ್ ಭಾಷೆಯಲ್ಲಿ ಫ್ಲೋಕೋರ್ ಎಂಬ ಪ್ಯಾಕೇಜ್ ಉಚಿತವಾಗಿ ಸಿಗುತ್ತದೆ. ಮತ್ತೆ, ಯಂತ್ರ ಕೊಟ್ಟ ಮೂಲ ಎಫ್‌ಸಿಎಸ್ ಫೈಲುಗಳನ್ನು ಹಾಗೆಯೇ ಎರಡು ಕಡೆ ಇಟ್ಟುಕೊಳ್ಳಿ. ಚಿತ್ರದ ಸ್ಕ್ರೀನ್‌ಶಾಟ್ ದತ್ತಾಂಶವಲ್ಲ.

ಈ ಊರಿನಲ್ಲಿ ಮಾತಾಡುವಾಗ ಗಿಡಗಳ ವಿಷಯ ಬಿಡಲಾಗುವುದಿಲ್ಲ. ಕಾಸರಗೋಡಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿದೆ, ಈಗಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಬೇರು ಅದು. ಗಿಡದ ಡಿಎನ್‌ಎ ಎಷ್ಟಿದೆ, ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಸಸಿಯಲ್ಲಿ ಕ್ರೋಮೊಸೋಮ್ ಜೊತೆಗಳು ಇಮ್ಮಡಿಯಾಗಿವೆಯೇ ಎಂದು ನೋಡಲು ಇದೇ ಯಂತ್ರ ಸಾಕು. 1983ರಲ್ಲಿ ಗಾಲ್‌ಬ್ರೈತ್ ಮತ್ತು ಸಂಗಡಿಗರು ತೋರಿಸಿದ ವಿಧಾನ ತುಂಬ ಸರಳ. ಎಳೆಯ ಎಲೆಯ ಚೂರನ್ನು ತಣ್ಣನೆಯ ಬಫರ್‌ನಲ್ಲಿ ಹೊಸ ಬ್ಲೇಡ್‌ನಿಂದ ಸಣ್ಣಗೆ ಹೆಚ್ಚಿ. ನ್ಯೂಕ್ಲಿಯಸ್‌ಗಳು ಹೊರಬರುತ್ತವೆ. ಜಾಲರಿಯಲ್ಲಿ ಸೋಸಿ, ಪ್ರೊಪಿಡಿಯಂ ಅಯೊಡೈಡ್ ಹಾಕಿ. ಆ ಬಣ್ಣ ಆರ್‌ಎನ್‌ಎಗೂ ಅಂಟುವುದರಿಂದ ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನ್‌ಏಸ್ ಕೂಡ ಹಾಕಬೇಕು. ಓಡಿಸುವ ವೇಗ ಕಡಿಮೆ ಇರಲಿ. ಪ್ರತಿ ಎಲೆಗೂ ಹೊಸ ಬ್ಲೇಡ್. ಮೊಂಡು ಬ್ಲೇಡ್ ಎಲೆಯನ್ನು ಜಜ್ಜುತ್ತದೆ, ನ್ಯೂಕ್ಲಿಯಸ್ ಒಡೆಯುತ್ತದೆ.

ಗೇರು, ಅಡಿಕೆಯಂಥ ಒಗರು ಇರುವ ಗಿಡಗಳಲ್ಲಿ ಒಂದು ತೊಡಕು. ಒಗರಿನ ಅಂಶ ಬಣ್ಣ ಡಿಎನ್‌ಎಗೆ ಅಂಟುವುದನ್ನು ತಡೆಯುತ್ತದೆ, ಡಿಎನ್‌ಎ ಕಡಿಮೆ ಇದ್ದಂತೆ ತೋರುತ್ತದೆ. ಒಗರಿನ ಅಂಶವನ್ನು ಹಿಡಿದಿಟ್ಟುಕೊಳ್ಳುವ ಪಿವಿಪಿಯನ್ನು ಬಫರ್‌ಗೆ ಸೇರಿಸಿದರೆ ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ. ಅದಕ್ಕಿಂತ ಮುಖ್ಯ ಕೆಲಸವೆಂದರೆ ಡಿಎನ್‌ಎ ಎಷ್ಟೆಂದು ಗೊತ್ತಿರುವ ಗಿಡದ ಎಲೆಯನ್ನೂ ಅದೇ ತಟ್ಟೆಯಲ್ಲಿ ಒಟ್ಟಿಗೆ ಹೆಚ್ಚುವುದು. ಬಟಾಣಿಯ ಸಿಟಿರಾಡ್ ತಳಿಗೆ 9.09 ಪಿಕೊಗ್ರಾಂ, ಟೊಮೆಟೊದ ಸ್ಟುಪಿಕ್ಕೆ ತಳಿಗೆ 1.96 ಪಿಕೊಗ್ರಾಂ ಎಂದು ಬಳಕೆಯಲ್ಲಿವೆ. ಯಂತ್ರದ ಚಿತ್ರದಲ್ಲಿ ಒಂದು ಗಿಡದ ನ್ಯೂಕ್ಲಿಯಸ್‌ಗಳೆಲ್ಲ ಒಂದೆಡೆ ಸೇರಿ ಶಿಖರವಾಗಿ ಕಾಣುತ್ತವೆ. ನಿಮ್ಮ ಗಿಡದ ಶಿಖರದ ಮೇಲೆ ಬೀಳದಂಥದ್ದನ್ನು ಆರಿಸಿ. ಆ ಎಲೆಯನ್ನು ಒಂಟಿಯಾಗಿಯೂ ಒಂದು ಟ್ಯೂಬ್ ಮಾಡಿ. ಗೇರಿನ ಜೊತೆ ಹೆಚ್ಚಿದಾಗ ಬಟಾಣಿಯ ಶಿಖರವೂ ಕೆಳಗೆ ಸರಿದರೆ ಒಗರು ಕೆಲಸ ಮಾಡುತ್ತಿದೆ ಎಂದು ತಿಳಿಯಿತು. ಬೇರೆ ಬೇರೆ ಹೆಚ್ಚಿ ಬೇರೆ ಟ್ಯೂಬ್‌ಗಳಲ್ಲಿ ಮಾತ್ರ ಓಡಿಸಿದ್ದರೆ ಇದು ಎಂದಿಗೂ ಗೊತ್ತಾಗುತ್ತಿರಲಿಲ್ಲ.

ಕೊನೆಗೆ ಪ್ರಶ್ನೆಗಳಿಗೆ ಸಮಯವಿತ್ತು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: ‘ಸರ್, ಹತ್ತು ಬಣ್ಣ ಇದ್ದರೆ ಹತ್ತು ಎಫ್‌ಎಂಒ, ಹತ್ತು ಕಾಂಪೆನ್ಸೇಷನ್ ಟ್ಯೂಬ್. ನಮ್ಮ ಹತ್ತಿರ ಅಷ್ಟು ರಕ್ತವೂ ಇಲ್ಲ, ದುಡ್ಡೂ ಇಲ್ಲ. ಯಾವುದನ್ನು ಬಿಡಬಹುದು?’ ಕಾಂಪೆನ್ಸೇಷನ್ ಟ್ಯೂಬ್ ಒಂದನ್ನೂ ಬಿಡುವಂತಿಲ್ಲ, ಆದರೆ ಅದಕ್ಕೆ ಮಣಿಗಳನ್ನು ಬಳಸಿ ರಕ್ತ ಉಳಿಸಬಹುದು. ಎಫ್‌ಎಂಒ ಎಲ್ಲಕ್ಕೂ ಬೇಡ. ಸಿಡಿ3, ಸಿಡಿ8ರಂತೆ ಪಾಸಿಟಿವ್, ನೆಗೆಟಿವ್ ನಡುವೆ ಖಾಲಿ ಜಾಗ ಕಾಣುವ ಮಾರ್ಕರ್‌ಗಳಿಗೆ ಗೆರೆ ಎಲ್ಲಿ ಎಳೆದರೂ ಉತ್ತರ ಬದಲಾಗುವುದಿಲ್ಲ. ಸಿಡಿ25ರಂತೆ ಗಡಿಯಿಲ್ಲದೆ ಹರಡಿಕೊಂಡಿರುವವಕ್ಕೆ ಮಾತ್ರ ಮಾಡಿ. ಮೊದಲ ಪ್ರಯೋಗದಲ್ಲಿ ಎಲ್ಲವನ್ನೂ ಒಮ್ಮೆ ಮಾಡಿ ನೋಡಿದರೆ ಯಾವುದು ಬೇಕು ಎಂದು ಗೊತ್ತಾಗುತ್ತದೆ.

ಇನ್ನೊಬ್ಬರು ಟೆಕ್ನಿಷಿಯನ್. ಅವರ ಪ್ರಶ್ನೆ: ‘ಇಲ್ಲಿ ಸಂಜೆ ತೆಗೆದ ರಕ್ತ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಮರುದಿನ ಯಂತ್ರಕ್ಕೆ ಬೀಳುತ್ತದೆ. ಅದನ್ನು ನಂಬಬಹುದಾ?’ ಐವತ್ತು ಕಿಲೋಮೀಟರ್ ದೊಡ್ಡ ದೂರವಲ್ಲ. ಕೆಡಿಸುವುದು ಹೊತ್ತು ಮತ್ತು ಸೆಕೆ. ಈ ಬಗೆಯ ಪರೀಕ್ಷೆಗೆ ರಕ್ತವನ್ನು ಐಸ್‌ನಲ್ಲಿಟ್ಟು ಕಳಿಸಬಾರದು, ಬಿಸಿಲಲ್ಲಿ ನಿಂತ ಗಾಡಿಯಲ್ಲೂ ಬಿಡಬಾರದು. 18ರಿಂದ 25 ಡಿಗ್ರಿ ಒಳಗೆ ಥರ್ಮೋಕೋಲ್ ಡಬ್ಬಿಯಲ್ಲಿ ಕಳಿಸಿ, ರಕ್ತ ತೆಗೆದ ಗಂಟೆಯನ್ನು ಟ್ಯೂಬ್ ಮೇಲೆ ಬರೆಯಿರಿ. ನಂಬಬಹುದೇ ಎಂದು ತಿಳಿಯಬೇಕಾದರೆ, ಒಪ್ಪಿಗೆ ಕೊಟ್ಟ ಆರೋಗ್ಯವಂತರೊಬ್ಬರ ರಕ್ತವನ್ನು ಮಂಗಳೂರಿನಲ್ಲೇ ತೆಗೆದು ತಕ್ಷಣ ಅರ್ಧ ಓಡಿಸಿ. ಉಳಿದರ್ಧವನ್ನು ಅದೇ ಡಬ್ಬಿಯಲ್ಲಿ ಕಾಸರಗೋಡಿಗೆ ಕಳಿಸಿ, ರಾತ್ರಿ ಇಟ್ಟು, ಮರುದಿನ ವಾಪಸು ತರಿಸಿ ಓಡಿಸಿ. ಬೇರೆ ಬೇರೆ ಜನರ ರಕ್ತದಲ್ಲಿ, ಬೇಸಗೆಯಲ್ಲೂ ಮಳೆಗಾಲದಲ್ಲೂ ಹೀಗೆ ಮಾಡಿ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಎಷ್ಟೆಂದು ಗೊತ್ತಾದ ಮೇಲೆ, ಎಷ್ಟು ಗಂಟೆಗಿಂತ ಹಳೆಯ ರಕ್ತವನ್ನು ವಾಪಸು ಕಳಿಸಬೇಕು ಎಂದು ನಿಮ್ಮ ಲ್ಯಾಬ್ ತಾನೇ ಬರೆದಿಟ್ಟುಕೊಳ್ಳಬಹುದು.